ಹೊಳೆ ತಳದ ಲೋಚ್ ಮೀನುಗಳು: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಹೊಳೆ, ಹಳ್ಳ, ಗದ್ದೆ ಕಾಲುವೆಗಳ ತಳದಲ್ಲಿ ಬದುಕುವ ಮೀಸೆಯ ಪುಟ್ಟ ಮೀನುಗಳಾದ ಲೋಚ್‌ಗಳ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆಯ್ದುಕೊಂಡಿದ್ದೇವೆ. ಒಂದು ಮಾತು ಮೊದಲೇ ಹೇಳಿಬಿಡಬೇಕು. ಲೋಚ್ ಅಂದರೆ ತೊಟ್ಟಿ ತೊಳೆಯುವ ಆಳಲ್ಲ. ಅಂಗಡಿಯವರು ಹಾಗೆ ಹೇಳಿಯೇ ಮಾರುತ್ತಾರೆ. ಮುಕ್ಕಾಲು ಪಾಲು ತೊಂದರೆ ಶುರುವಾಗುವುದೂ ಅಲ್ಲಿಂದಲೇ.

ಪ್ರಶ್ನೆ: ತೊಟ್ಟಿಯ ತಳ ಸ್ವಚ್ಛವಾಗಿರುತ್ತದೆ ಅಂತ ಒಂದು ಝೀಬ್ರಾ ಲೋಚ್ ತಂದೆ. ಹಗಲೆಲ್ಲ ಫಿಲ್ಟರ್ ಹಿಂದೆ ಅಡಗಿರುತ್ತದೆ. ಮೈಮೇಲಿನ ಪಟ್ಟೆ ಮಂಕಾಗಿದೆ, ಮೀಸೆ ಮೊಂಡಾಗಿದೆ. ತಳಕ್ಕೆ ಎಂ-ಸ್ಯಾಂಡ್ ಹಾಕಿದ್ದೇನೆ. ಏನು ತಪ್ಪಾಗಿದೆ?
— ಓದುಗರು, ಶಿವಮೊಗ್ಗ

ನಿಮ್ಮ ಮೀನು ನಿಮ್ಮೂರಿನದೇ. ಬೋಟಿಯಾ ಸ್ಟ್ರಯಾಟಾ ಎಂಬ ಈ ಜಾತಿಯನ್ನು 1920ರಲ್ಲಿ ಮೊದಲು ವಿವರಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣ ರಾವ್. ಮಾದರಿ ಸಿಕ್ಕಿದ್ದು ಶಿವಮೊಗ್ಗದ ತುಂಗೆಯಲ್ಲಿ. ಆದ್ದರಿಂದ ಅದಕ್ಕೆ ಏನು ಬೇಕು ಅನ್ನುವುದನ್ನು ಹೊಳೆಯನ್ನು ನೋಡಿಯೇ ಅರ್ಥ ಮಾಡಿಕೊಳ್ಳಬಹುದು: ಹರಿಯುವ ನೀರು, ಉರುಟು ಕಲ್ಲು, ನಡುನಡುವೆ ಮರಳು, ಕಲ್ಲಿನಡಿ ಸಂದು, ಸುತ್ತಮುತ್ತ ತನ್ನದೇ ಜಾತಿಯ ಜತೆಗಾರರು.

ಮೊದಲ ತಪ್ಪು ಒಂಟಿಯಾಗಿ ಇಟ್ಟಿದ್ದು. ಬೋಟಿಯಾ ಗುಂಪಿನ ಮೀನುಗಳಲ್ಲಿ ಯಾರು ಮೇಲು, ಯಾರು ಕೆಳಗು ಅನ್ನುವ ಪಕ್ಕಾ ಲೆಕ್ಕಾಚಾರ ಇರುತ್ತದೆ. ಒಂದೇ ಇದ್ದರೆ ಅಡಗಿ ಕೂರುತ್ತದೆ. ಎರಡಿದ್ದರೆ ಬಲವಾದದ್ದು ಇನ್ನೊಂದನ್ನು ಕಾಡುತ್ತದೆ. ಕನಿಷ್ಠ ಐದಾರು ಇದ್ದಾಗ ಆ ಜಗಳ ಹಂಚಿಹೋಗಿ ಯಾರಿಗೂ ಪೆಟ್ಟಾಗುವುದಿಲ್ಲ. ಜಗಳದ ಹೊತ್ತಿನಲ್ಲಿ ಬಣ್ಣ ಬೂದಿಯಾಗಿ, ಆಮೇಲೆ ತಾನಾಗಿ ಮರಳುವುದು ಸಹಜ. ದಿನಗಟ್ಟಲೆ ಮಂಕಾಗಿಯೇ ಇದ್ದರೆ ಅದು ಹೆದರಿಕೆ, ಇಲ್ಲವೇ ನೀರಿನ ದೋಷ. ಆರು ಮೀನಿಗೆ ಮೂರಡಿ ಉದ್ದ, ಒಂದಡಿ ಅಗಲ, ಒಂದೂವರೆ ಅಡಿ ಎತ್ತರದ, ಅಂದರೆ ಸುಮಾರು 120 ಲೀಟರಿನ ತೊಟ್ಟಿ ಬೇಕು. ಲೋಚ್‌ಗೆ ಎತ್ತರಕ್ಕಿಂತ ನೆಲದ ವಿಸ್ತಾರ ಮುಖ್ಯ. ಇದು ಬೆಳೆದರೆ 8 ಸೆಂ.ಮೀ. ಆಸುಪಾಸು; ತೀರಾ ದೊಡ್ಡ ತೊಟ್ಟಿ ಬೇಡ.

ಎರಡನೆಯದು ಎಂ-ಸ್ಯಾಂಡ್. ಅದು ಕಲ್ಲನ್ನು ಒಡೆದು ಮಾಡಿದ್ದು, ಕಾಳಿನ ಅಂಚೆಲ್ಲ ಚೂಪು. ಮನೆ ಕಟ್ಟಲು ಸರಿ, ಮೀಸೆಗೆ ಮಾತ್ರ ಅರದ ಹಾಗೆ. ಲೋಚ್ ತಿನಿಸನ್ನು ಹುಡುಕುವುದು ಮೀಸೆಯಿಂದ ಮುಟ್ಟಿ, ರುಚಿ ನೋಡಿ. ಮೀಸೆ ಸವೆದರೆ ಅದಕ್ಕೆ ಊಟ ಹುಡುಕುವುದೇ ಕಷ್ಟ. ಅಕ್ವೇರಿಯಂಗೆಂದು ಮಾರುವ ಉರುಟು ಕಾಳಿನ ಮರಳನ್ನು ತನ್ನಿ. 1ರಿಂದ 2 ಮಿ.ಮೀ. ಕಾಳು ಸಾಕು. ತಿಳಿನೀರು ಬರುವ ತನಕ ಬಕೆಟ್ಟಿನಲ್ಲಿ ತೊಳೆದು 3 ಸೆಂ.ಮೀ. ದಪ್ಪ ಹರಡಿ. ಮೇಲೆ ಹೇಳಿದ ಅಳತೆಯ ತೊಟ್ಟಿಗೆ 12-13 ಕೆ.ಜಿ. ಬೇಕಾದೀತು. ಇನ್ನೂ ದಪ್ಪ ಹಾಕಿದರೆ ಅಡಿಯಲ್ಲಿ ಗಾಳಿಯಾಡದೆ ಕೊಳೆಯುತ್ತದೆ, ಆ ಕೊಳೆಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಕೂಡ ಮೀಸೆ ತಿನ್ನುತ್ತದೆ. ಮೀಸೆಯ ಬುಡ ಉಳಿದಿದ್ದರೆ ನೆಲ ಶುದ್ಧವಾದ ಮೇಲೆ ನಿಧಾನಕ್ಕೆ ಮತ್ತೆ ಬೆಳೆಯುತ್ತದೆ.

ಅಡಗಲು ಮೀನಿನ ಸಂಖ್ಯೆಗಿಂತ ಒಂದೆರಡು ಜಾಗ ಹೆಚ್ಚೇ ಇರಲಿ. ಉರುಟು ಕಲ್ಲು, ಒಡೆದ ಮಡಕೆ ಚೂರು, ಪಿವಿಸಿ ಪೈಪಿನ ತುಂಡು ಯಾವುದಾದರೂ ಆದೀತು. ಕಲ್ಲನ್ನು ಮರಳಿನ ಮೇಲೆ ಪೇರಿಸಬೇಡಿ, ಗಾಜಿನ ತಳದ ಮೇಲೇ ಕೂರಿಸಿ ಆಮೇಲೆ ಮರಳು ಹಾಕಿ. ಇಲ್ಲದಿದ್ದರೆ ಮೀನು ಅಡಿಯ ಮರಳು ಕೆದಕಿ ಕಲ್ಲನ್ನು ಮೈಮೇಲೆ ಎಳೆದುಕೊಳ್ಳುತ್ತದೆ. ಹೀಟರ್ ಇದ್ದರೆ ಪ್ಲಾಸ್ಟಿಕ್ ಜಾಲರಿ ಕಡ್ಡಾಯ, ಹೀಟರ್ ಮತ್ತು ಗಾಜಿನ ನಡುವೆ ತೂರಿಕೊಂಡು ಮೈ ಸುಟ್ಟುಕೊಳ್ಳುವ ಚಾಳಿ ಇವಕ್ಕಿದೆ. ಫಿಲ್ಟರಿನ ನೀರೆಳೆಯುವ ಬಾಯಿಗೆ ಸ್ಪಂಜ್ ತೊಡಿಸಿ.

ಇನ್ನು ತೊಟ್ಟಿ ಸ್ವಚ್ಛ ಮಾಡುವ ವಿಚಾರ. ಮಿಕ್ಕ ಮೀನು ಬಿಟ್ಟ ಪುಡಿಯ ಮೇಲೆ ಇದು ಬದುಕುವುದಿಲ್ಲ, ಹಿಕ್ಕೆಯನ್ನಂತೂ ತಿನ್ನುವುದೇ ಇಲ್ಲ. ದೀಪ ಆರಿಸುವ ಹೊತ್ತಿಗೆ ಮುಳುಗುವ ಗುಳಿಗೆ ಹಾಕಿ. ವಾರಕ್ಕೆರಡು ಸಲ ರಕ್ತಹುಳ ಅಥವಾ ಹೆಚ್ಚಿದ ಎರೆಹುಳ ಕೊಡಿ. ಬೆಳಗ್ಗೆ ತಿನಿಸು ಉಳಿದಿದ್ದರೆ ಹಾಕಿದ್ದು ಜಾಸ್ತಿಯಾಯಿತು ಎಂದರ್ಥ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯಲು 100 ಲೀಟರಿಗೆ 1 ಗ್ರಾಂ ಹೈಪೋ (ಸೋಡಿಯಂ ಥಯೋಸಲ್ಫೇಟ್) ಹರಳು ಸಾಮಾನ್ಯವಾಗಿ ಸಾಕಾಗುತ್ತದೆ.

ಪ್ರಶ್ನೆ: ನಮ್ಮ ಲೋಚ್ ಒಮ್ಮೊಮ್ಮೆ ಮಗ್ಗುಲಾಗಿ ಸತ್ತಂತೆ ಬಿದ್ದಿರುತ್ತದೆ. ಇನ್ನೊಂದು ಜಾತಿಯದು ಆಗಾಗ ಮೇಲಕ್ಕೆ ಚಿಮ್ಮಿ ಗಾಳಿ ಕುಡಿದು ಬರುತ್ತದೆ. ರೋಗವೇ?
— ಓದುಗರು, ಬೆಂಗಳೂರು

ಮಗ್ಗುಲಾಗಿ ಮಲಗುವುದು ಬೋಟಿಯಾ, ಕ್ಲೌನ್ ಲೋಚ್‌ಗಳ ವಿಶ್ರಾಂತಿಯ ಭಂಗಿ. ಬಹುತೇಕ ಲೋಚ್‌ಗಳಲ್ಲಿ ಗಾಳಿಚೀಲ ಚಿಕ್ಕದು, ಅದರ ಮುಂಭಾಗ ಎಲುಬಿನ ಕವಚದೊಳಗೆ ಸೇರಿಕೊಂಡಿರುತ್ತದೆ. ಹಾಗಾಗಿ ಈಜು ನಿಲ್ಲಿಸಿದ ಕೂಡಲೇ ಮೀನು ತಳಕ್ಕಿಳಿಯುತ್ತದೆ. ಹತ್ತಿರ ಹೋಗಿ ಕಿವಿರು ನೋಡಿ. ನಿಧಾನವಾಗಿ, ಒಂದೇ ಸಮನೆ ಆಡುತ್ತಿದ್ದರೆ ಸುಖನಿದ್ದೆ.

ಗಾಳಿ ಕುಡಿಯುವುದು ಕರುಳಿನ ಉಸಿರಾಟ. ವೆದರ್ ಲೋಚ್, ನಮ್ಮ ಗದ್ದೆಗಳ ಲೆಪಿಡೊಸೆಫಲಿಕ್ತಿಸ್ ಮುಂತಾದವು ನುಂಗಿದ ಗಾಳಿಯಿಂದ ಕರುಳಿನ ಹಿಂಭಾಗದ ತೆಳುಗೋಡೆಯ ಮೂಲಕ ಆಮ್ಲಜನಕ ಹೀರಿಕೊಂಡು, ಉಳಿದದ್ದನ್ನು ಗುದದ್ವಾರದಿಂದ ಗುಳ್ಳೆಯಾಗಿ ಬಿಡುತ್ತವೆ. ಗದ್ದೆ ನೀರು ಬತ್ತಿ ಬಿಸಿಯಾದಾಗಲೂ ಅವು ಉಳಿಯುವುದು ಹೀಗೆ. ಆದರೆ ಎಲ್ಲ ಮೀನೂ ಒಟ್ಟಿಗೆ ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ನೀರಿನಲ್ಲಿ ಆಮ್ಲಜನಕ ಇಳಿದಿರುವ ಸೂಚನೆ. ಕೂಡಲೇ ಏರ್ ಪಂಪ್ ಹಾಕಿ, ಮೂರನೇ ಒಂದು ಭಾಗ ನೀರು ಬದಲಿಸಿ.

ಪ್ರಶ್ನೆ: ಗದ್ದೆ ಕಾಲುವೆಯಲ್ಲಿ ಹಿಡಿದ ಬೆರಳುದ್ದದ ಮೀನು ಕೈಗೆ ಚುಚ್ಚಿತು. ಮೊನೆ ಇದ್ದದ್ದು ಕಣ್ಣಿನ ಹತ್ತಿರ! ವಿಷವಿದೆಯೇ? ಬಲೆಯಿಂದ ಬಿಡಿಸಲೂ ಬರಲಿಲ್ಲ.
— ಓದುಗರು, ತೀರ್ಥಹಳ್ಳಿ

ವಿಷವಿಲ್ಲ. ಚೇಳುಮೀನಿನ ಮುಳ್ಳಿನ ಹಾಗೆ ಉರಿಯುವುದಿಲ್ಲ, ಸೋಪು ನೀರಿನಲ್ಲಿ ತೊಳೆದರೆ ಸಾಕು. ಕೆಲವು ಲೋಚ್‌ಗಳಿಗೆ ಕಣ್ಣಿನ ಕೆಳಗೆ, ಚರ್ಮದ ಮಡಿಕೆಯೊಳಗೆ ಎರಡು ಕವಲಿನ ಮುಳ್ಳು ಇರುತ್ತದೆ. ಹೆದರಿದಾಗ ಅದನ್ನು ನಿಮಿರಿಸಿ ಹಾಗೇ ಬಿಗಿಹಿಡಿಯುತ್ತವೆ. ಹಕ್ಕಿಗೋ ದೊಡ್ಡ ಮೀನಿಗೋ ನುಂಗಲು ಕಷ್ಟವಾಗಲಿ ಎಂಬುದೇ ಅದರ ಉಪಯೋಗ.

ನೀವು ಹೇಳಿದ ಜಾಗ, ಅಳತೆ ನೋಡಿದರೆ ಅದು ಲೆಪಿಡೊಸೆಫಲಿಕ್ತಿಸ್ ಥರ್ಮಾಲಿಸ್ ಇದ್ದೀತು. ಮರಳಿನಲ್ಲಿ ಹೂತುಕೊಂಡು ಕಣ್ಣಷ್ಟೇ ಹೊರಗಿಟ್ಟಿರುವ ಮೀನು ಇದು. ಗಂಡೋ ಹೆಣ್ಣೋ ಎಂದು ತಿಳಿಯಬೇಕಾದರೆ ಎದೆರೆಕ್ಕೆ ನೋಡಿ. ಗಂಡಿನಲ್ಲಿ 7 ಮತ್ತು 8ನೇ ಕಡ್ಡಿಗಳು ಬೆಸೆದು ದಪ್ಪಗಾಗಿರುತ್ತವೆ. ಮೈಮೇಲೆ ಅಡ್ಡಪಟ್ಟೆ ಇದ್ದು ಕಣ್ಣಡಿ ಮುಳ್ಳೇ ಇಲ್ಲದ ಹಳ್ಳದ ಲೋಚ್ ಸಿಕ್ಕಿದರೆ ಅದು ನೆಮಾಕೈಲಿಡೇ ಎಂಬ ಬೇರೆ ಕುಟುಂಬದ್ದು.

ಬಲೆಗೆ ಮುಳ್ಳು ಸಿಕ್ಕಿಕೊಂಡರೆ ಎಳೆಯಬೇಡಿ, ಕೆನ್ನೆ ಹರಿಯುತ್ತದೆ. ಬಲೆಯನ್ನು ನೀರಿನಲ್ಲೇ ಇಟ್ಟು ಎರಡು ನಿಮಿಷ ಸುಮ್ಮನಿದ್ದರೆ ಮುಳ್ಳು ತಾನಾಗಿ ಮಡಚಿಕೊಳ್ಳುವುದುಂಟು. ಆಗಲೂ ಬಿಡದಿದ್ದರೆ ಆ ಎಳೆಯನ್ನು ಕತ್ತರಿಸಿ. ತೊಟ್ಟಿಯಲ್ಲಾದರೆ ಬಲೆಯ ಗೊಡವೆಯೇ ಬೇಡ, ಪ್ಲಾಸ್ಟಿಕ್ ಡಬ್ಬಿಗೆ ಓಡಿಸಿ ನೀರಿನ ಸಮೇತ ಎತ್ತಿ. ಪಾಲಿಥೀನ್ ಚೀಲದಲ್ಲಿ ಸಾಗಿಸುವಾಗ ಒಂದರೊಳಗೆ ಇನ್ನೊಂದು ಚೀಲ ಇರಲಿ, ಮುಳ್ಳು ಒಂದನ್ನು ತೂತು ಮಾಡಿದರೂ ನೀರು ನಿಲ್ಲುತ್ತದೆ.

ಪ್ರಶ್ನೆ: ಹೊಸದಾಗಿ ತಂದ ಲೋಚ್‌ಗಳ ಮೈಮೇಲೆ ಉಪ್ಪು ಉದುರಿಸಿದಂಥ ಬಿಳಿ ಚುಕ್ಕೆ. ಔಷಧದ ಬಾಟಲಿಯಲ್ಲಿ ಹೇಳಿದಷ್ಟೇ ಹಾಕಿದೆ. ಎರಡು ಮೀನು ಅಂದೇ ಸತ್ತವು. ಬೇರೆ ಮೀನುಗಳಿಗೆ ಏನೂ ಆಗಿಲ್ಲ.
— ಓದುಗರು, ಹುಬ್ಬಳ್ಳಿ

ಲೋಚ್‌ಗಳ ಹುರುಪೆ ತೀರಾ ಸಣ್ಣದು, ಚರ್ಮದೊಳಗೆ ಹುದುಗಿದ್ದು. ಕೆಲವಕ್ಕೆ ಇಲ್ಲವೇ ಇಲ್ಲ. ತಾಮ್ರ, ಫಾರ್ಮಾಲಿನ್, ಮಾಲಕೈಟ್ ಗ್ರೀನ್ ಇರುವ ಔಷಧಗಳು ಇವಕ್ಕೆ ಬೇಗ ನಂಜಾಗುತ್ತವೆ. ಬಾಟಲಿಯ ಮೇಲಿನ ಪ್ರಮಾಣ ಹುರುಪೆಯುಳ್ಳ ಮೀನಿಗೆ ಬರೆದದ್ದು. ಲೋಚ್ ಇರುವ ತೊಟ್ಟಿಗೆ ಅರ್ಧದಿಂದ ಶುರು ಮಾಡಬೇಕು. ತಾಮ್ರದ ಔಷಧವನ್ನು ಪೂರ್ತಿ ಬಿಡುವುದೇ ಒಳ್ಳೆಯದು.

ರೋಗ ತರುವುದು ಇಕ್ತಿಯೋಫ್ತಿರಿಯಸ್ ಎಂಬ ಏಕಕೋಶ ಜೀವಿ. ಕಣ್ಣಿಗೆ ಕಾಣುವ ಚುಕ್ಕೆ ಚರ್ಮದ ಕೆಳಗಿರುತ್ತದೆ, ಅಲ್ಲಿಗೆ ಔಷಧ ತಾಗುವುದಿಲ್ಲ. ಬಲಿತ ಮೇಲೆ ಕಳಚಿಕೊಂಡು ತಳಕ್ಕೆ ಬಿದ್ದು, ಕೋಶ ಕಟ್ಟಿಕೊಂಡು, ಒಡೆದು ನೂರಾರು ಮರಿಗಳಾಗುತ್ತದೆ. ಆ ಮರಿಗಳು ಈಜುತ್ತ ಹೊಸ ಮೀನು ಹುಡುಕುವ ಹೊತ್ತಿನಲ್ಲಿ ಮಾತ್ರ ಔಷಧ ಕೊಲ್ಲುತ್ತದೆ. ಅದಕ್ಕೇ ಚಿಕಿತ್ಸೆಗೆ ದಿನಗಳು ಹಿಡಿಯುತ್ತವೆ.

ಝೀಬ್ರಾ, ಯೋಯೋ, ಕ್ಲೌನ್ ಲೋಚ್‌ಗಳಿಗೆ ನಾವು ಮೊದಲು ಹೇಳುವುದು ಶಾಖ ಮತ್ತು ಉಪ್ಪು. ಗಂಟೆಗೆ 1 ಡಿಗ್ರಿ ಮೀರದಂತೆ ನೀರನ್ನು 30 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ. ಬಿಸಿಯಾದಷ್ಟೂ ನೀರಿನಲ್ಲಿ ಆಮ್ಲಜನಕ ಕಡಿಮೆ. 25 ಡಿಗ್ರಿಯಲ್ಲಿ ಲೀಟರಿಗೆ 8.2 ಮಿಲಿಗ್ರಾಂ ಹಿಡಿಯುವ ನೀರು 30ರಲ್ಲಿ ಹಿಡಿಯುವುದು 7.5ರಷ್ಟು. ಆದ್ದರಿಂದ ಇನ್ನೊಂದು ಏರ್ ಸ್ಟೋನ್ ಹಾಕಿ. ಉಪ್ಪು ಮೊದಲ ದಿನ ಲೀಟರಿಗೆ 1 ಗ್ರಾಂ, ಮರುದಿನ ಇನ್ನೊಂದು ಗ್ರಾಂ. 100 ಲೀಟರಿಗೆ ಒಟ್ಟು 200 ಗ್ರಾಂ ಆಯಿತು. ಬೇರೆ ಪಾತ್ರೆಯಲ್ಲಿ ಕರಗಿಸಿ ಹೊಯ್ಯಿರಿ. ಹರಳಾಗಿ ಹಾಕಿದರೆ ಅದರ ಮೇಲೇ ಮಲಗುವ ಮೀನಿಗೆ ಮೈ ಸುಡುತ್ತದೆ. ದಿನ ಬಿಟ್ಟು ದಿನ ಸೈಫನ್‌ನಿಂದ ತಳದ ಕಸ ಎಳೆಯಿರಿ, ಬಿದ್ದ ಕೋಶಗಳು ಅದರ ಜತೆ ಹೋಗುತ್ತವೆ. 25 ಲೀಟರ್ ನೀರು ತೆಗೆದರೆ ಹೊಸ ನೀರಿಗೆ 50 ಗ್ರಾಂ ಉಪ್ಪು ಸೇರಿಸಬೇಕು.

ಚುಕ್ಕೆ ಮಾಯವಾದ ಮೂರನೇ ದಿನಕ್ಕೆ ನಿಲ್ಲಿಸುವವರೇ ಹೆಚ್ಚು, ವಾರದಲ್ಲಿ ಮತ್ತೆ ಬರುತ್ತದೆ. ಒಟ್ಟು 10ರಿಂದ 14 ದಿನ ಬಿಡದೆ ಮಾಡಿ. ಔಷಧ ಹಾಕಲೇಬೇಕಾದರೆ ಫಿಲ್ಟರಿನಿಂದ ಇದ್ದಿಲು ತೆಗೆದಿಡಿ, ಅದು ಔಷಧವನ್ನು ಹೀರಿಕೊಳ್ಳುತ್ತದೆ. ಮುಂದೆ ಯಾವ ಲೋಚ್ ತಂದರೂ ಮೂರು ವಾರ ಬೇರೆ ತೊಟ್ಟಿಯಲ್ಲಿರಲಿ.

ಪ್ರಶ್ನೆ: ಬಸವನಹುಳು ಕಾಟಕ್ಕೆ ಲೋಚ್ ಬಿಡಬಹುದೇ?
— ಓದುಗರು, ಮೈಸೂರು

ಬೋಟಿಯಾ ಜಾತಿಗಳು ತಿನ್ನುತ್ತವೆ, ಕುಹ್ಲಿ ಲೋಚ್ ಎಂಬ ಜಾತಿಯಿಂದ ಆಗದ ಕೆಲಸ. ಕ್ಲೌನ್ ಲೋಚ್ ಕೂಡ ತಿನ್ನುತ್ತದೆ, ಆದರೆ ಸುಮಾತ್ರಾ, ಬೋರ್ನಿಯೋ ಹೊಳೆಗಳ ಆ ಮೀನು 30 ಸೆಂ.ಮೀ. ತನಕ ಬೆಳೆದು ಇಪ್ಪತ್ತು ವರ್ಷ ಮೀರಿ ಬದುಕಬಲ್ಲದು. ಹುಳುವಿಗೆಂದು ಅದನ್ನು ತರುವುದು ಬುದ್ಧಿವಂತಿಕೆಯಲ್ಲ. ಹುಳು ಹೆಚ್ಚಿದೆ ಅಂದರೆ ತಿನಿಸು ಹೆಚ್ಚಿದೆ. ಕೊಡುವುದನ್ನು ಅರ್ಧ ಮಾಡಿ, ರಾತ್ರಿ ಒಂದು ಸೌತೆಕಾಯಿ ಹೋಳು ಮುಳುಗಿಸಿಟ್ಟು ಬೆಳಗ್ಗೆ ಹುಳುಗಳ ಸಮೇತ ಎತ್ತಿ ಹಾಕಿ.

ಪ್ರಶ್ನೆ: ನಮ್ಮ ತೋಟದ ಹಳ್ಳದಲ್ಲಿ ಬಂಡೆಗೆ ಅಂಟಿಕೊಂಡಿರುವ ಚಪ್ಪಟೆ ಮೀನುಗಳಿವೆ. ಎಷ್ಟು ರಭಸದ ನೀರಿದ್ದರೂ ಜಾರುವುದಿಲ್ಲ. ಸಾಕಬಹುದೇ?
— ಓದುಗರು, ಮೂಡಿಗೆರೆ

ಬಾಲಿಟೋರಿಡೇ ಕುಟುಂಬದ್ದು, ಬಹುಶಃ ಭವಾನಿಯಾ. ಎದೆಯ ಮತ್ತು ಹೊಟ್ಟೆಯ ರೆಕ್ಕೆಗಳು ಮಗ್ಗುಲಿಗೆ ಅಗಲವಾಗಿ ಹರಡಿ ಬಂಡೆಗೆ ಒತ್ತಿಕೊಳ್ಳುತ್ತವೆ. ಹೊಟ್ಟೆ ಸಪಾಟು. ಬಂಡೆಗೆ ತಾಗಿ ಹರಿಯುವ ತೆಳ್ಳನೆಯ ಪದರದಲ್ಲಿ ನೀರಿನ ವೇಗ ಮೇಲಿನಷ್ಟಿರುವುದಿಲ್ಲ. ಮೀನು ಆ ಪದರದಲ್ಲೇ ತಗ್ಗಿಕೊಂಡಿರುತ್ತದೆ. ಬಂಡೆಯ ಮೇಲಿನ ಪಾಚಿಯ ಪೊರೆ ಮತ್ತು ಅದರಲ್ಲಿರುವ ಸಣ್ಣ ಹುಳಗಳೇ ಆಹಾರ.

ಸಾಕುವುದು ಬೇಡ ಎಂದೇ ಹೇಳುತ್ತೇವೆ. ತಂಪಾದ, ಆಮ್ಲಜನಕ ತುಂಬಿದ, ಗಂಟೆಗೆ ತೊಟ್ಟಿಯ ಹತ್ತು ಪಟ್ಟಾದರೂ ಹರಿಯುವ ನೀರು ಬೇಕು. ಕರೆಂಟು ಹೋಗಿ ಪಂಪ್ ನಿಂತರೆ ಮೊದಲು ಸಾಯುವ ಮೀನು ಇದು. ಹಳ್ಳದಲ್ಲೇ ನೋಡಿ. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ, ಬೆಳಗಿನ ಬಿಸಿಲು ಬಂಡೆಯ ಮೇಲೆ ಬಿದ್ದಾಗ ಚೆನ್ನಾಗಿ ಕಾಣುತ್ತದೆ. ಕಲ್ಲು ಎತ್ತಿ ನೋಡಿದರೆ ಅದೇ ಜಾಗಕ್ಕೆ, ಅದೇ ಮಗ್ಗುಲಿಗೆ ಇಡಿ.

ಪ್ರಶ್ನೆ: ಬಾವಿಯಲ್ಲೂ ಲೋಚ್ ಇರುತ್ತದೆ ಎಂದು ಕೇಳಿದೆ. ನಿಜವೇ?
— ಓದುಗರು, ಮಂಗಳೂರು

ನಿಜ. ಕೇರಳದ ಕೋಳಿಕ್ಕೋಡ್ ಜಿಲ್ಲೆಯ ಬಾವಿಯೊಂದರಲ್ಲಿ ಸಿಕ್ಕ ಪಾಂಜಿಯೋ ಭುಜಿಯಾ ಎಂಬ ಕೆಂಪು ಎಳೆಯಂಥ ಜಾತಿಯನ್ನು 2019ರಲ್ಲಿ ವಿವರಿಸಲಾಯಿತು. ಅದರ ವಾಸ ಮುರಕಲ್ಲಿನ ನಾಡಿನ ನೆಲದಡಿಯ ನೀರಿನಲ್ಲಿ. ಛತ್ತೀಸಗಢದ ಕೋಟಮ್ಸರ್ ಗುಹೆಯಲ್ಲೂ ಕಣ್ಣು ಕುಗ್ಗಿದ, ಬಣ್ಣ ಕಳೆದುಕೊಂಡ ಲೋಚ್‌ಗಳಿವೆ. ನಿಮ್ಮ ಬಾವಿಯ ಪಂಪಿನಲ್ಲಿ ದಾರದಂಥ ಕೆಂಪು ಮೀನು ಬಂದರೆ ಎಸೆಯಬೇಡಿ. ನೀರಿನಲ್ಲಿಟ್ಟು, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಫೋಟೋ ತೆಗೆದು, ಹತ್ತಿರದ ಮೀನುಗಾರಿಕೆ ಕಾಲೇಜಿಗೆ ತಿಳಿಸಿ.

ಪ್ರಶ್ನೆ: ನನ್ನ ಹತ್ತಿರ ಯೋಯೋ ಮತ್ತು ಝೀಬ್ರಾ ಲೋಚ್‌ಗಳಿವೆ. ಮರಿ ಮಾಡಿಸಬಹುದೇ? ಊರು ಬಿಡುವಾಗ ಹೊಳೆಗೆ ಬಿಟ್ಟರೆ ಪುಣ್ಯವಲ್ಲವೇ?
— ಓದುಗರು, ದಾವಣಗೆರೆ

ಮನೆ ತೊಟ್ಟಿಯಲ್ಲಿ ಬೋಟಿಯಾ ಮರಿ ಮಾಡುವುದು ತೀರಾ ಅಪರೂಪ. ಫಾರಂಗಳಲ್ಲಿ ಕ್ಲೌನ್ ಲೋಚ್‌ನಂಥವಕ್ಕೆ ಹಾರ್ಮೋನ್ ಚುಚ್ಚಿ ಮೊಟ್ಟೆ ಇಡಿಸುತ್ತಾರೆ. ಝೀಬ್ರಾ ಲೋಚ್ ಅಳಿವಿನಂಚಿನ ಜಾತಿ ಎಂದು ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿದೆ. ಪಶ್ಚಿಮ ಘಟ್ಟದ ಕೆಲವೇ ಹೊಳೆಗಳಲ್ಲಿ ಉಳಿದಿದೆ. ಕೊಳ್ಳುವಾಗ ಫಾರಂನದೋ ಹೊಳೆಯದೋ ಎಂದು ಕೇಳಿ. ಸರಿಯಾದ ಉತ್ತರ ಸಿಗದಿದ್ದರೆ ಬಿಟ್ಟುಬಿಡಿ.

ಹೊಳೆಗೆ ಬಿಡುವುದು ಪುಣ್ಯದ ಕೆಲಸವಲ್ಲ. ಯೋಯೋ ಲೋಚ್ ಉತ್ತರ ಭಾರತದ ಮೀನು, ತುಂಗಭದ್ರೆಗೆ ಪರಕೀಯ. ಪೂರ್ವ ಏಷ್ಯಾದ ವೆದರ್ ಲೋಚ್ ಹೀಗೆಯೇ ಅಮೆರಿಕ, ಆಸ್ಟ್ರೇಲಿಯಾಗಳ ನೀರಿಗೆ ಸೇರಿ ಅಲ್ಲೇ ಬೇರೂರಿದೆ. ಝೀಬ್ರಾ ನಮ್ಮದೇ ಆದರೂ, ಊರೂರಿನ ಮೀನುಗಳ ಜತೆ ಅಂಗಡಿಯ ತೊಟ್ಟಿಯಲ್ಲಿದ್ದು ಬಂದದ್ದು. ಅಲ್ಲಿನ ರೋಗ, ಪರಾವಲಂಬಿಗಳನ್ನು ಹೊಳೆಯ ಮೀನಿಗೆ ದಾಟಿಸಬಹುದು. ಸಾಕುವ ಇನ್ನೊಬ್ಬರಿಗೆ ಕೊಡಿ, ಇಲ್ಲವೇ ಅಂಗಡಿಗೆ ಹಿಂತಿರುಗಿಸಿ. ತೊಟ್ಟಿಯ ನೀರನ್ನೂ ಚರಂಡಿಗೆ, ಹಳ್ಳಕ್ಕೆ ಸುರಿಯದೆ ಗಿಡಗಳಿಗೆ ಹಾಕಿ. ಉಪ್ಪು ಅಥವಾ ಔಷಧ ಬೆರೆತ ನೀರಾದರೆ ಗಿಡಕ್ಕೂ ಬೇಡ, ಗಿಡವಿಲ್ಲದ ಒಣ ನೆಲದಲ್ಲಿ ಇಂಗಲು ಬಿಡಿ.