ಒತ್ತಡ ಬಂದಾಗ ಕಣ್ಣು ಎಲ್ಲಿರುತ್ತದೆ ನೋಡಿ
ಅಮೆರಿಕನ್ ಫುಟ್‌ಬಾಲ್‌ನಲ್ಲಿ ಡಿಫೆಂಡರ್‌ಗಳು ಮೈಮೇಲೆ ನುಗ್ಗಿ ಬಂದಾಗ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವ ಆಟಗಾರ) ಓಡಿಬಿಡುವುದೇ ಜಾಣತನ ಅಲ್ವಾ ಅಂತ ಕೇಳಿದ್ದೀರಿ. ಯಾವಾಗಲೂ ಅಲ್ಲ. 2019ರ ಸೆಪ್ಟೆಂಬರ್‌ನ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ)–ಟೆಕ್ಸಾಸ್ ಕಾಲೇಜು ಪಂದ್ಯ ಹುಡುಕಿ ನೋಡಿ. ಕೊನೆಯ ನಿಮಿಷಗಳು, ಎಲ್‌ಎಸ್‌ಯುಗೆ ಮೂರನೇ ಡೌನ್ (ಚೆಂಡು ಮುಂದೊಯ್ಯಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು), ಇನ್ನೂ 17 ಗಜ ಬೇಕು. ಟೆಕ್ಸಾಸ್ ಬ್ಲಿಟ್ಜ್ ಮಾಡಿತು, ಅಂದರೆ ಹೆಚ್ಚು ಡಿಫೆಂಡರ್‌ಗಳನ್ನು ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿಸಿತು. ಎಲ್‌ಎಸ್‌ಯು ಕ್ವಾರ್ಟರ್‌ಬ್ಯಾಕ್ ಜೋ ಬರೋ ಗಾಬರಿಯಾಗಿ ಹಿಂದಕ್ಕೆ ಓಡಲಿಲ್ಲ. ಪಾಕೆಟ್‌ನಲ್ಲೇ (ತನ್ನ ತಂಡದವರು ಸುತ್ತ ನಿಂತು ಕಾಯುವ ಜಾಗದಲ್ಲೇ) ಸ್ವಲ್ಪ ಸರಿದು ಜಾಗ ಮಾಡಿಕೊಂಡು ರಿಸೀವರ್ (ಎಸೆದ ಚೆಂಡು ಹಿಡಿಯುವ ಆಟಗಾರ) ಜಸ್ಟಿನ್ ಜೆಫರ್ಸನ್‌ಗೆ ಎಸೆದ. 61 ಗಜದ ಟಚ್‌ಡೌನ್ (ಚೆಂಡು ಎದುರಾಳಿಯ ಗೋಲು ಗೆರೆ ಮುಟ್ಟಿಸಿ ಪಡೆಯುವ ಅಂಕ)! ಎಲ್‌ಎಸ್‌ಯು 45-38ರಿಂದ ಗೆದ್ದಿತು. ಎಷ್ಟು ಸಲ ನೋಡಿದರೂ ನನಗೆ ರೋಮಾಂಚನವಾಗುತ್ತದೆ.

ಬ್ಲಿಟ್ಜ್‌ಗೆ ಜಾಸ್ತಿ ಜನ ನುಗ್ಗಿದರೆ ಹಿಂದೆ ರಿಸೀವರ್‌ಗಳನ್ನು ಕಾಯುವವರು ಕಡಿಮೆಯಾಗುತ್ತಾರೆ. ಆ ಖಾಲಿ ಜಾಗ ಕಾಣಬೇಕಾದರೆ ಕಣ್ಣು ಮೈದಾನದ ಮೇಲಿರಬೇಕು, ನುಗ್ಗುವವರ ಮೇಲಲ್ಲ. ಯಾರೂ ಸಿಗದಿದ್ದರೆ ಓಡಲಿ. ಇಲ್ಲವೇ ಪಾಕೆಟ್‌ನಿಂದ ಹೊರಬಂದು ಚೆಂಡನ್ನು ಮೈದಾನದ ಪಕ್ಕದ ಗೆರೆಯಾಚೆ ಎಸೆಯಲಿ, ಅದೂ ಒಳ್ಳೆಯ ತೀರ್ಮಾನವೇ.