ಹೆಸರಿನ ಕೆಳಗೆ ಡಿಗ್ರಿ ಯಾಕಿಲ್ಲ?

ಕುಮಟಾದ ನಿವೃತ್ತ ಉಪನ್ಯಾಸಕರೊಬ್ಬರ ಪತ್ರ: "ಕಳೆದ ಸಂಚಿಕೆಯಲ್ಲಿ ಅಡಕೆಯ ಕೊಳೆರೋಗದ ಬಗ್ಗೆ ಬರೆದವರ ಹೆಸರಿನ ಕೆಳಗೆ ಪದವಿಯೂ ಇಲ್ಲ, ಹುದ್ದೆಯೂ ಇಲ್ಲ. ಅಡಕೆ ಮರ ಹತ್ತಿ ಕೊನೆ ಕೊಯ್ಯುವ, ಔಷಧಿ ಹೊಡೆಯುವ ಕೊನೆಗೌಡರಂತೆ! ಇಂಥ ವಿಷಯವನ್ನು ಎಂ.ಎಸ್ಸಿ. ಆದವರಿಂದ ಬರೆಸಬಾರದೇ?"

ಸಂಪಾದಕರ ಉತ್ತರ:

ಸರ್, ನಿಮ್ಮ ಪತ್ರದಲ್ಲಿ ಒಂದೇ ಒಂದು ಕಾಗುಣಿತದ ತಪ್ಪಿಲ್ಲ. ಇಂಥ ಪತ್ರ ಈಗ ಅಪರೂಪ. ಅಷ್ಟು ಬಲ್ಲವರಿಗೆ ಈ ಸಂಶಯ ಬಂದದ್ದೇ ಬೇಸರ.

ಓದಿನ ಋಣ ಇದೆ, ಒಪ್ಪೋಣ. ಕೊಳೆಯ ಶಿಲೀಂಧ್ರವನ್ನು 1910ರಲ್ಲಿ ವಿವರಿಸಿದವರು ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಅದು ಸೂಕ್ಷ್ಮದರ್ಶಕದ ಕೆಲಸ. ಕೊಳೆಗೆ ಹೊಡೆಯುವ ಔಷಧಿ ಬೋರ್ಡೋ ದ್ರಾವಣದ ಕಥೆ ಬೇರೆ. ಫ್ರಾನ್ಸಿನ ಬೋರ್ಡೋ ಸೀಮೆಯ ರೈತರು, ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಹಾಕುತ್ತಿದ್ದರು. ಆ ಬಳ್ಳಿಗಳೇ ರೋಗದಿಂದ ಪಾರಾದದ್ದನ್ನು 1882ರಲ್ಲಿ ಗಮನಿಸಿದವರು ಅಲ್ಲಿನ ಪ್ರಾಧ್ಯಾಪಕ ಮಿಲಾರ್ದೆ. ಪ್ರಾಧ್ಯಾಪಕರ ಹೆಸರು ಉಳಿಯಿತು. ಸುಣ್ಣ ಕಲಸಿದವರ ಹೆಸರು ಕೇಳಿದವರಿದ್ದಾರೆಯೇ?

ಈಗ ಕೊನೆಗೌಡರು ಬರೆದದ್ದನ್ನು ನೋಡಿ. 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ, 100 ಲೀಟರ್ ನೀರು ಎಂಬುದು ಎಲ್ಲ ಪುಸ್ತಕದಲ್ಲೂ ಇದೆ. ಎರಡನ್ನೂ 50-50 ಲೀಟರಿನಲ್ಲಿ ಬೇರೆಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕದಡುತ್ತ ಸುರಿಯಬೇಕು, ತಿರುವುಮುರುವು ಅಲ್ಲ. ಕಬ್ಬಿಣದ ಡ್ರಮ್ ಬೇಡ. ಸುಣ್ಣದ ನೀರನ್ನು ಬಟ್ಟೆಯಲ್ಲಿ ಸೋಸದಿದ್ದರೆ ಮರದ ತುದಿ ಮುಟ್ಟಿದ ಮೇಲೆ ನಾಜಲ್ ಕಟ್ಟಿಕೊಳ್ಳುತ್ತದೆ. ಹಳೆ ಸುಣ್ಣ ಗಾಳಿಗೆ ಸತ್ತಿರುತ್ತದೆ, ತೂಕ ಸರಿಯಿದ್ದರೂ ಕೆಲಸಕ್ಕೆ ಸಾಲದು. ಅದಕ್ಕೇ ತಿಕ್ಕಿ ಬೆಳಗಿದ ಕತ್ತಿಯನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ನೋಡುವುದು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ತುತ್ತ ಇನ್ನೂ ಬಿಡಿಯಾಗಿದೆ, ಎಳೆಗಾಯಿ ಸುಟ್ಟೀತು. ಕೆಂಪು ಹತ್ತದವರೆಗೆ ಸುಣ್ಣದ ನೀರು ಸೇರಿಸಬೇಕು. ಕಲಸಿದ್ದು ಅದೇ ದಿನ ಖಾಲಿಯಾಗಬೇಕು, ರಾತ್ರಿ ಕಳೆದರೆ ಕಣ ದಪ್ಪಗಟ್ಟಿ ಕಾಯಿಗೆ ಅಂಟುವುದಿಲ್ಲ. ಇದರಲ್ಲಿ ಎಂ.ಎಸ್ಸಿ. ತಿದ್ದಬೇಕಾದ ಸಾಲು ಯಾವುದು?

ಡಿಗ್ರಿಯಲ್ಲೂ ಜಾತಿಯಿದೆಯಲ್ಲ! ಧಾರವಾಡದ್ದು ಎಂದರೆ "ಹೌದಾ" ಅನ್ನುವವರು ಐಐಟಿ ಎಂದರೆ ಕುರ್ಚಿ ಎಳೆದು ಕೂರಿಸುತ್ತಾರೆ. ಶಿರಸಿ ಸೀಮೆಯಲ್ಲಿ ತೋಟ ನಡೆಸುವ ಮಾಣಿಗೆ ಹೆಣ್ಣು ಸಿಗದು, ಬೆಂಗಳೂರಿನ ಬಾಡಿಗೆ ಕೋಣೆಯ ಬಿ.ಇ.ಗೆ ಸಿಗುತ್ತದೆ. ಮದುವೆ ಕರೆಯೋಲೆಯಲ್ಲಿ ವರನ ಹೆಸರಿಗಿಂತ ಅವನ ಡಿಗ್ರಿಯೇ ಉದ್ದ. ಆದರೆ ಆಷಾಢದಲ್ಲಿ ಮಳೆ ಎರಡು ದಿನ ಹೊಳವಾದರೆ ಸಾಕು, ಅದೇ ಡಿಗ್ರಿಯವರ ಅಪ್ಪಂದಿರು ಕೊನೆಗೌಡರ ಅಂಗಳದಲ್ಲಿ ನಿಂತಿರುತ್ತಾರೆ. ಆಗ ಅಂಕಪಟ್ಟಿ ಕೇಳಿದವರನ್ನು ಕಾಣೆ.

ಮುಂದಿನ ಸಂಚಿಕೆಯಲ್ಲಿ ಅವರದೇ ಇನ್ನೊಂದು ಬರಹವಿದೆ, ಮಳೆ ತಾಗದಂತೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟುವ ಬಗ್ಗೆ. ಹೆಸರಿನ ಕೆಳಗೆ ಊರು ಮಾತ್ರ ಇರುತ್ತದೆ. ತಪ್ಪು ಕಂಡರೆ ಸಾಲು ತೋರಿಸಿ ಬರೆಯಿರಿ ಸರ್, ಖಂಡಿತ ಅಚ್ಚು ಹಾಕುತ್ತೇವೆ, ನಿಮ್ಮ ಡಿಗ್ರಿಯನ್ನೂ ಬಿಟ್ಟು.