ಕ್ಲಾರಿನೆಟ್ ಅಷ್ಟಕ್ಕಷ್ಟೇ ಬರುತ್ತೆ, ಮಂಗಳೂರಿನಲ್ಲಿ ಊರಿನ ಬ್ರಾಸ್ ಬ್ಯಾಂಡ್‌ಗೆ ಸೇರಬಹುದಾ?

ಖಂಡಿತ ಸೇರಬಹುದು. ಪೂರ್ತಿ ಕಲಿತ ಮೇಲೆ ಹೋಗ್ತೀನಿ ಅಂತ ಕಾಯಬೇಡಿ.

ಬ್ಯಾಂಡಿನಲ್ಲಿ ಎಲ್ಲರೂ ಒಂದೇ ಸ್ವರ ನುಡಿಸುವುದಿಲ್ಲ. ಕ್ಲಾರಿನೆಟ್ ಒಂದಕ್ಕೇ ಸಾಮಾನ್ಯವಾಗಿ ಎರಡು ಮೂರು ಪಾರ್ಟ್, ಅಂದರೆ ಬೇರೆ ಬೇರೆ ಸ್ವರಸಾಲು, ಇರುತ್ತವೆ. ಮೊದಲ ಪಾರ್ಟ್‌ನವರು ಹಾಡಿನ ಧಾಟಿ ಹಿಡಿಯುತ್ತಾರೆ. ಅಲ್ಲಿ ಸ್ವರ ಎತ್ತರ, ಬೆರಳಿಗೆ ಕೆಲಸ ಜಾಸ್ತಿ. ಮೂರನೆಯದರಲ್ಲಿ ಕೆಳಗಿನ ಸ್ವರಗಳೇ ಹೆಚ್ಚು, ಓಟವೂ ನಿಧಾನ. ಹೊಸಬರ ಕೈಗೆ ಬರುವುದು ಹೆಚ್ಚಾಗಿ ಇದೇ. ಸುಮ್ನೆ ಮೂಲೆಗೆ ಹಾಕಿದ್ರು ಅಂದುಕೊಳ್ಳಬೇಡಿ, ಹಾಡಿಗೆ ತುಂಬು ನಾದ ಬರುವುದು ಈ ಕೆಳಸ್ವರಗಳು ಸೇರಿದಾಗಲೇ.

ಸ್ವರ ತಪ್ಪಿದರೆ ಬಿಟ್ಟು ಮುಂದೆ ಹೋಗಿ. ಹಿಂದೆ ತಿರುಗಿ ಸರಿಮಾಡಲು ಹೋದರೆ ತಾಳ ತಪ್ಪಿ ಪಕ್ಕದವರೂ ಎಡವುತ್ತಾರೆ. ಮನೆಯಲ್ಲಿ ಒಬ್ಬರೇ ನುಡಿಸಿದವರಿಗೆ ಇದೇ ದೊಡ್ಡ ಕಷ್ಟ, ಅದು ಗುಂಪಿನಲ್ಲಿ ಕೂತರೆ ಮಾತ್ರ ಹೋಗುತ್ತದೆ.

ನನ್ನ ಕೇಳಿದರೆ ಮಳೆಗಾಲದಲ್ಲಿ ಸೇರಿ. ಆಗ ಮೆರವಣಿಗೆ ಕಡಿಮೆ, ಕಲಿಸುವವರಿಗೂ ಪುರುಸೊತ್ತು. ಕ್ರಿಸ್‌ಮಸ್ ಹೊತ್ತಿಗೆ ಹೋದರೆ ಚರ್ಚ್ ಹಬ್ಬ, ಮದುವೆ, ಮದುವೆಗೆ ಮುಂಚಿನ ರೋಸ್ (ಕ್ಯಾಥೊಲಿಕರು ವಧು-ವರರಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ) ಅಂತ ಅವರಿಗೆ ಉಸಿರಾಡಲೂ ಹೊತ್ತಿರುವುದಿಲ್ಲ.